ಆರನೆಯದು ಸಡಿಲ

ಬೈತಖೋಲಿನ ದಕ್ಕೆಯಲ್ಲಿ ಈಗ ಯಾರೂ ನನ್ನನ್ನು ಮಾತಾಡಿಸುವುದಿಲ್ಲ.
ಉತ್ತರ ಕೊಡಲು ನಾನು ಗಂಟಲಿನ ತೂತಿಗೆ ಬೆರಳಿಡಬೇಕು,
ನೋಡಲು ಅವರಿಗೆ ಸಂಕೋಚ.
ಹರಿದ ಬಲೆ ತಂದು ಎದುರಿಗೆ ಹಾಕಿ
ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಹೋಗುತ್ತಾರೆ.

ಬೊಮ್ಮಯ್ಯ ಹರಿಕಂತ್ರ, ವಯಸ್ಸು ಅರವತ್ತೊಂದು.
ಉದ್ಯೋಗ ಎಂಬಲ್ಲಿ ನರ್ಸು ಮೀನುಗಾರ ಎಂದು ಬರೆದಳು.
ದೋಣಿ ಹತ್ತದೆ ಇಪ್ಪತ್ತು ವರ್ಷ, ನಾನು ಬಲೆ ಕಟ್ಟುವವನು.
ತಲೆಯಾಡಿಸಿದೆ.
ಅವಳು ಬರೆದದ್ದನ್ನು ಹೊಡೆದುಹಾಕಲಿಲ್ಲ.

ಎರಡು ವರ್ಷದ ಹಿಂದೆ ಹೊರಗಿನಿಂದ ಕರೆಂಟು ಇಟ್ಟಿದ್ದರು,
ಮೂವತ್ಮೂರು ದಿನ, ಮುಖಕ್ಕೆ ಜಾಳಿಗೆ ಬಿಗಿದು.
ಹೋಯಿತು ಎಂದರು. ಶೇವಂತಿ ಹರಕೆ ತೀರಿಸಿದಳು.
ಈ ಸಲ ಚೌತಿ ಕಳೆದ ವಾರ ಅದೇ ಜಾಗದಲ್ಲಿ, ನಾಲಗೆಯ ಬುಡದಲ್ಲಿ,
ಬಂಗಡೆಯ ಮುಳ್ಳು ಸಿಕ್ಕಿದಂತೆ.
ಎರಡು ದಿನ ಅನ್ನದ ಉಂಡೆ ನುಂಗಿದೆ.
ಮುಳ್ಳಾಗಿರಲಿಲ್ಲ.

ಕತ್ತು ಇನ್ನೊಮ್ಮೆ ಅಷ್ಟು ತಡೆಯಲ್ಲ, ಒಳಗಿಂದಲೇ ಕೊಡೋಣ
ಎಂದರು ಮಂಗಳೂರಿನ ಡಾಕ್ಟರು.
ಒಳಗಿಂದ ಅಂದರೆ?
ಕಾಗದದ ಮೇಲೆ ಕತ್ತು ಬರೆದು ಗೆರೆ ಎಳೆದರು,
ಒಂದರ ಪಕ್ಕ ಒಂದು, ಬೆರಳಗಲಕ್ಕಿಂತ ಕಡಿಮೆ ಅಂತರ.
ಶೇವಂತಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.
ತಾರ್ಲಿಗೆ ಒಂದು ಕಣ್ಣು, ಇಸೋಣಕ್ಕೆ ಒಂದು ಕಣ್ಣು,
ಇದು ಯಾವ ಮೀನಿಗೋ, ಬಹಳ ಸಣ್ಣ ಕಣ್ಣಿನ ಬಲೆ.

ಎಚ್ಚರವಾದಾಗ ಕತ್ತಿನಿಂದ ಎಂಟು ನಳಿಗೆ ಇಳಿಬಿದ್ದಿದ್ದವು,
ಬುಡಕ್ಕೆ ಅಂಗಿಗುಂಡಿಯಂಥದ್ದು, ಒಂದೊಂದಕ್ಕೂ ನಂಬರು.
ಒಳ್ಳೆಯ ಕೆಲಸ.
ಗಂಟು ಮಾತ್ರ ನಮ್ಮ ಕಡೆಯದಲ್ಲ.

ದಿನಕ್ಕೆ ಎರಡು ಸಲ ಗಾಡಿಯಲ್ಲಿ ತಳ್ಳಿಕೊಂಡು ಹೋಗುವರು.
ಎಂಟಕ್ಕೂ ಎಂಟು ಕೊಳವೆ ಸಿಕ್ಕಿಸಿ ಎಲ್ಲರೂ ಹೊರಗೆ.
ಮೊಳ ದಪ್ಪದ ಬಾಗಿಲು ತಾನಾಗಿ ಮುಚ್ಚುತ್ತದೆ.
ಆಮೇಲೆ ಪೆಟ್ಟಿಗೆಯಿಂದ ಟಕ್ ಟಕ್.
ತಂತಿಯ ತುದಿಗೆ ಅಕ್ಕಿಕಾಳಿಗಿಂತ ಚಿಕ್ಕದೊಂದು, ಇರಿಡಿಯಂ ಅಂತೆ,
ಒಂದನೆಯ ನಳಿಗೆಗೆ ಬಂದು, ನಿಂತು,
ಒಂದು ಹೆಜ್ಜೆ ಸರಿದು, ಮತ್ತೆ ನಿಂತು,
ವಾಪಸು. ಎರಡನೆಯದು.
ನೋವಿಲ್ಲ, ಬಿಸಿಯಿಲ್ಲ, ವಾಸನೆಯಿಲ್ಲ.
ಇಷ್ಟು ಜನ ಓಡಿಹೋಗುವಂಥದ್ದು ನನ್ನೊಳಗೆ ನಡೆಯುತ್ತಿದೆಯೆಂದು
ಬಾಗಿಲಿನಿಂದಷ್ಟೇ ತಿಳಿಯಬೇಕು.
ಒಂದು ಸಲ ಕ್ಯಾಮೆರಾದತ್ತ ಕೈ ಎತ್ತಿದೆ.
ಸ್ಪೀಕರಿನಲ್ಲಿ ಗಾಬರಿ: ಏನಾಯ್ತು ಅಜ್ಜಾ?
ಏನಿಲ್ಲ. ಯಾರಾದರೂ ಇದ್ದೀರೋ ಅಂತ.

ಮೂರನೆಯ ಬೆಳಗ್ಗೆ ಕತ್ತು ತಡವುವಾಗ ಬೆರಳಿಗೆ ತಿಳಿಯಿತು.
ನಲವತ್ತು ವರ್ಷ ಕತ್ತಲಲ್ಲಿ ಗಂಟು ಹುಡುಕಿದ ಬೆರಳು.
ಸ್ಲೇಟಿನಲ್ಲಿ ಬರೆದೆ: ಆರನೆಯದು ಸಡಿಲ.
ಸರಿ ಇದೆಯಲ್ಲ ಎಂದಳು ನರ್ಸು.
ಅಡಿಗೆರೆ ಎಳೆದೆ.
ಗಾಡಿಯ ಹುಡುಗ ಓದಿ ನಕ್ಕ.
ಬಾಗಿಲ ಬಳಿ ಫಿಸಿಸಿಸ್ಟು ಲವೀನಾ ಮಿಸ್ಕಿತ್, ಹೊನ್ನಾವರದವಳು,
ಸ್ಲೇಟು ನೋಡಿದಳು, ಆಮೇಲೆ ನನ್ನ ತೋರುಬೆರಳು,
ಅದರ ಮಗ್ಗುಲಿಗೆ ನೂಲು ಕೊರೆದ ಗೀರು.
"ಬಲೆಯವರಾ? ನಮ್ಮ ಪಪ್ಪನ ಕೈಯೂ ಹೀಗೇ."
ಅಳತೆಪಟ್ಟಿ ತರಿಸಿದಳು.
ನಾಲ್ಕು ಮಿಲಿಮೀಟರ್.
ಬೆಳಗಿನ ಸರದಿ ನಿಂತಿತು. ಮತ್ತೆ ಸ್ಕ್ಯಾನು, ಮತ್ತೆ ಲೆಕ್ಕ.
ಅಷ್ಟಕ್ಕೆ ಏನಾಗ್ತದೆ ಎಂದು ಶೇವಂತಿ ಕೇಳಿದಳು.
"ಆ ಕಡೆ ದೊಡ್ಡ ರಕ್ತನಾಳ ಇದೆ ಅಮ್ಮಾ."
ಅಷ್ಟೇ ಹೇಳಿದಳು.

ಶಿರವಾಡ ಸ್ಟೇಷನ್ನಿಗೆ ಭಾವ ಬಂದಿದ್ದ:
ಕೈಗಾ ಬೇಡ ಎಂದು ಮೆರವಣಿಗೆ ಹೋದವನು,
ಈಗ ಕತ್ತಿನೊಳಗೇ ಕೂರಿಸಿಕೊಂಡೆಯಲ್ಲೋ!
ನಗಲು ಹೋಗಿ ಕೆಮ್ಮು ಬಂತು.

ಮೈಯಲ್ಲಿ ಏನೂ ಉಳಿಯುವುದಿಲ್ಲ, ಮಕ್ಕಳು ಹತ್ತಿರ ಬರಬಹುದು
ಎಂದು ಆಸ್ಪತ್ರೆಯಲ್ಲಿ ಮೂರು ಸಲ ಹೇಳಿದ್ದರು.
ಆದರೂ ಶೇವಂತಿ ಚಾಪೆ ದೂರ ಹಾಸಿದಳು.
ಮೊಮ್ಮಗಳು ಪ್ರಣಿತಾ ಎದ್ದು ಲೈಟು ಆರಿಸಿ
ಕತ್ತಲಲ್ಲಿ ನನ್ನ ಕತ್ತನ್ನೇ ನೋಡುತ್ತ ಕೂತಳು,
ಕೆಲವು ರಾತ್ರಿ ತೆರೆ ಹೊಳೆಯುವುದನ್ನು ಅವಳು ನೋಡಿದ್ದಾಳೆ.
ತುಂಬ ಹೊತ್ತಾದ ಮೇಲೆ,
"ಇಲ್ಲ ಅಜ್ಜಿ, ಬರೀ ಅಜ್ಜ."
ಚಾಪೆ ಎಳೆದುಕೊಂಡು ಬಂದಳು.

ಸ್ಕ್ಯಾನು ಇನ್ನು ಮೂರು ತಿಂಗಳಿಗೆ.
ಮಡಿಲಲ್ಲಿರುವ ಈ ಬಲೆ ಶನಿವಾರಕ್ಕೆ ಬೇಕಂತೆ.
ಶನಿವಾರಕ್ಕೆ ಆಗುತ್ತದೆ.